ಬಿಗ್‌ಫುಟ್: ಕಂಡವರ ಮಾತು, ಕೈಗೆ ಸಿಕ್ಕ ಸಾಕ್ಷ್ಯ (ಪದೇ ಪದೇ ಕೇಳುವ ಪ್ರಶ್ನೆಗಳು)

ಬಿಗ್‌ಫುಟ್ ಎಂದರೆ ಯಾವ ಪ್ರಾಣಿ?

ಇದೆ ಎಂದು ಇದುವರೆಗೆ ಯಾರೂ ಸಾಬೀತು ಮಾಡದ ಪ್ರಾಣಿ. ಕಂಡೆವು ಎನ್ನುವವರ ವರ್ಣನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಏಳೆಂಟು ಅಡಿ ಎತ್ತರದ, ಮೈತುಂಬ ಕಪ್ಪು ಅಥವಾ ಕೆಂಗಂದು ಕೂದಲಿನ, ಕುತ್ತಿಗೆಯೇ ಇಲ್ಲವೆನಿಸುವ ದಪ್ಪ ಹೆಗಲಿನ, ನೀಳ ತೋಳಿನ ಒಂದು ಆಕೃತಿ ಮೂಡುತ್ತದೆ. ಅದು ಮನುಷ್ಯರಂತೆ ಎರಡೇ ಕಾಲಿನಲ್ಲಿ ನಡೆಯುತ್ತದೆ. ಹತ್ತಿರ ಬಂದರೆ ಮೂಗು ಮುಚ್ಚಿಕೊಳ್ಳುವಂಥ ನಾತ ಎಂದು ಕೆಲವರು ಸೇರಿಸುತ್ತಾರೆ. ಕೆನಡಾದಲ್ಲಿ ಇದಕ್ಕೆ ಸಾಸ್‌ಕ್ವಾಚ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ವಾಷಿಂಗ್ಟನ್ ಮತ್ತು ಆರೆಗನ್ ರಾಜ್ಯಗಳು, ಕ್ಯಾಲಿಫೋರ್ನಿಯಾದ ಉತ್ತರ ಭಾಗ, ಗಡಿಯಾಚೆಯ ಬ್ರಿಟಿಷ್ ಕೊಲಂಬಿಯಾ ಇವೇ ಈ ವರದಿಗಳ ತವರು. ಆದರೆ ಹವಾಯಿಯೊಂದನ್ನು ಬಿಟ್ಟು ಅಮೆರಿಕದ ಉಳಿದ ಎಲ್ಲ ರಾಜ್ಯಗಳಿಂದಲೂ ಯಾರಾದರೊಬ್ಬರು ಕಂಡೆ ಎಂದವರಿದ್ದಾರೆ. ಈ ಹರಡಿಕೆಯೇ ಮೊದಲ ಅನುಮಾನಕ್ಕೆ ಎಡೆಕೊಡುತ್ತದೆ. ದಟ್ಟ ಕಾಡಿನಲ್ಲಿ ಒಂದು ಪ್ರಾಣಿ ಅಡಗಿರಬಹುದು, ಒಪ್ಪೋಣ. ಒಹಾಯೊದ ಜೋಳದ ಹೊಲಗಳ ನಡುವೆ ಹೇಗೆ ಅಡಗುತ್ತದೆ?

ಈ ಕಥೆ ಎಲ್ಲಿಂದ ಶುರುವಾಯಿತು?

ಎರಡು ಕಡೆಯಿಂದ. ಹಳೆಯದು ಆ ನೆಲದ ಮೂಲನಿವಾಸಿಗಳದ್ದು. ಬ್ರಿಟಿಷ್ ಕೊಲಂಬಿಯಾ ಕರಾವಳಿಯ ಕ್ವಾಕ್ವಕವಕ್ವ ಜನರಲ್ಲಿ ಮಕ್ಕಳನ್ನು ಬುಟ್ಟಿಯಲ್ಲಿ ಹೊತ್ತೊಯ್ಯುವ ಕಾಡಿನ ಹೆಂಗಸು ಜುನುಕ್ವಾಳ ಮುಖವಾಡಗಳಿವೆ. ಕ್ಯಾಲಿಫೋರ್ನಿಯಾದ ಟೂಲೆ ನದಿಯ ಬಂಡೆಚಿತ್ರಗಳಲ್ಲಿ ಕೂದಲುಮೈಯ ಒಂದು ಕುಟುಂಬವೇ ಇದೆ. 1920ರ ದಶಕದಲ್ಲಿ ಬ್ರಿಟಿಷ್ ಕೊಲಂಬಿಯಾದ ಚೆಹಾಲಿಸ್ ಎಂಬಲ್ಲಿ ಶಾಲಾ ಶಿಕ್ಷಕನಾಗಿದ್ದ ಜೆ. ಡಬ್ಲ್ಯೂ. ಬರ್ನ್ಸ್ ಅಲ್ಲಿಯ ಜನರ ಕಥೆಗಳನ್ನು ಸಂಗ್ರಹಿಸಿ ಪತ್ರಿಕೆಗಳಿಗೆ ಬರೆದ. ಸಾಸ್‌ಕ್ವಾಚ್ ಎಂಬ ಹೆಸರು ಹೊರಜಗತ್ತಿಗೆ ತಲುಪಿದ್ದು ಅವನಿಂದ. ಈ ಕಥೆಗಳನ್ನು ಪ್ರಾಣಿಶಾಸ್ತ್ರದ ದಾಖಲೆಯಂತೆ ಎತ್ತಿ ತೋರಿಸುವ ಚಾಳಿ ನಂಬುವವರಲ್ಲಿದೆ. ನನಗೆ ಅದು ಸರಿಯೆನಿಸುವುದಿಲ್ಲ. ಜುನುಕ್ವಾ ಸಂಪತ್ತನ್ನೂ ಕೊಡುತ್ತಾಳೆ, ಸತ್ತವರನ್ನು ಎಬ್ಬಿಸುವ ನೀರೂ ಅವಳಲ್ಲಿದೆ. ಇವನ್ನು ಬದಿಗಿಟ್ಟು ಕೂದಲನ್ನಷ್ಟೇ ಆರಿಸಿಕೊಳ್ಳುವುದು ಆ ಜನರ ಕಥೆಗೆ ಮಾಡುವ ಅನ್ಯಾಯ.

ಹೊಸ ಕಥೆ 1958ರದ್ದು. ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಕೌಂಟಿಯ ಬ್ಲಫ್ ಕ್ರೀಕ್ ಬಳಿ ಮರಸಾಗಣೆಗೆ ಕಾಡಿನಲ್ಲಿ ರಸ್ತೆ ಮಾಡುತ್ತಿದ್ದರು. ಜೆರ್ರಿ ಕ್ರೂ ಎಂಬ ಬುಲ್ಡೋಜರ್ ಚಾಲಕನಿಗೆ ಆಗಸ್ಟ್‌ನಲ್ಲಿ ತನ್ನ ಯಂತ್ರದ ಸುತ್ತ 16 ಅಂಗುಲದ ಹೆಜ್ಜೆಗಳು ಕಂಡವು. ಅವನು ಒಂದರ ಪ್ಲಾಸ್ಟರ್ ಅಚ್ಚು ತೆಗೆದು ಸ್ಥಳೀಯ ಪತ್ರಿಕೆ ಹಂಬೋಲ್ಟ್ ಟೈಮ್ಸ್‌ಗೆ ಒಯ್ದ. ಅಂಕಣಕಾರ ಆಂಡ್ರೂ ಜೆಂಜೋಲಿ ಅಕ್ಟೋಬರ್‌ನಲ್ಲಿ ಚಿತ್ರಸಮೇತ ಸುದ್ದಿ ಮಾಡಿದ, ಸುದ್ದಿಸಂಸ್ಥೆಗಳು ಎತ್ತಿಕೊಂಡವು. ಕೆಲಸಗಾರರು ತಮ್ಮೊಳಗೆ ತಮಾಷೆಗೆ ಆಡುತ್ತಿದ್ದ ಬಿಗ್‌ಫುಟ್ ಎಂಬ ಹೆಸರು ವಾರದೊಳಗೆ ದೇಶಕ್ಕೆಲ್ಲ ಗೊತ್ತಾಯಿತು.

ಆ ಹೆಜ್ಜೆಗಳು ಮೋಸವೆಂದು ಆಮೇಲೆ ಗೊತ್ತಾಯಿತಲ್ಲವೇ?

ಆ ರಸ್ತೆಯ ಗುತ್ತಿಗೆದಾರ ರೇ ವಾಲೇಸ್ 2002ರ ನವೆಂಬರ್‌ನಲ್ಲಿ ತೀರಿಕೊಂಡಾಗ ಮಕ್ಕಳು ಮರದಲ್ಲಿ ಕೆತ್ತಿದ ದೊಡ್ಡ ಪಾದಗಳನ್ನು ಹೊರತೆಗೆದು ತೋರಿಸಿದರು. ಅಪ್ಪ ಇವನ್ನು ಕಟ್ಟಿಕೊಂಡು ಓಡಾಡಿದ್ದು ತಮಾಷೆಗೆ ಎಂದರು. ವಾಲೇಸ್ ಚೇಷ್ಟೆಯ ಮನುಷ್ಯನೆಂದು ಬಲ್ಲವರೆಲ್ಲ ಬಲ್ಲರು, ಆದ್ದರಿಂದ ಅಚ್ಚರಿಯೇನಿಲ್ಲ.

ನಂಬುವವರ ಪ್ರತಿವಾದವನ್ನೂ ಕೇಳಬೇಕು: ವಾಲೇಸ್‌ನ ಮರದ ಪಾದಗಳು ಬ್ಲಫ್ ಕ್ರೀಕ್‌ನ ಎಲ್ಲ ಅಚ್ಚುಗಳಿಗೂ ಹೊಂದುವುದಿಲ್ಲ. ಇದು ನಿಜವೇ. ಆದರೆ ಹೊಂದದ ಅಚ್ಚು ಇನ್ನೊಂದು ಜೊತೆ ಮರದ ಪಾದಗಳದ್ದೂ ಆಗಿರಬಹುದಲ್ಲ. ಒಬ್ಬನ ಚೇಷ್ಟೆ ಬಯಲಾದ ಮಾತ್ರಕ್ಕೆ ಎಲ್ಲ ಹೆಜ್ಜೆಗಳೂ ಸುಳ್ಳಾಗುವುದಿಲ್ಲ. ಹಾಗೆಯೇ, ಅವನ ಕೈವಾಡವಲ್ಲ ಎಂದು ತೋರಿಸಿದ ಮಾತ್ರಕ್ಕೆ ಹೆಜ್ಜೆಗೆ ವಾನರನೊಬ್ಬ ಒಡೆಯನಾಗುವುದೂ ಇಲ್ಲ.

ಹೆಸರಾದ ಮುಖಾಮುಖಿಗಳು ಯಾವುವು?

ನೂರಾರಿವೆ, ಮೂರನ್ನು ಹೇಳುತ್ತೇನೆ.

1924ರ ಜುಲೈನಲ್ಲಿ ವಾಷಿಂಗ್ಟನ್ನಿನ ಸೇಂಟ್ ಹೆಲೆನ್ಸ್ ಪರ್ವತದ ಮಗ್ಗುಲಲ್ಲಿ ಚಿನ್ನ ಹುಡುಕುತ್ತಿದ್ದ ಗಣಿಗಾರರ ಗುಡಿಸಲಿನ ಮೇಲೆ ರಾತ್ರಿಯಿಡೀ ಕಲ್ಲುಮಳೆಯಾಯಿತು. ಹಗಲು ಒಂದಕ್ಕೆ ಗುಂಡು ಹಾರಿಸಿದ್ದೆವು, ರಾತ್ರಿ 'ವಾನರ ಮನುಷ್ಯರು' ಸೇಡು ತೀರಿಸಿಕೊಂಡರು ಎಂದು ಫ್ರೆಡ್ ಬೆಕ್ ಮತ್ತು ಸಂಗಡಿಗರು ಹೇಳಿದರು. ಆ ಕಣಿವೆಗೆ ಏಪ್ ಕ್ಯಾನ್ಯನ್ ಎಂಬ ಹೆಸರು ಖಾಯಂ ಆಯಿತು. 1982ರಲ್ಲಿ ರಾಂಟ್ ಮುಲೆನ್ಸ್ ಎಂಬ ಮುದುಕ, ಕಲ್ಲು ಉರುಳಿಸಿದ್ದು ತಾನು ಮತ್ತು ತನ್ನ ಚಿಕ್ಕಪ್ಪ ಎಂದ. ವಾಲೇಸ್‌ಗೆ ಮರದ ಪಾದ ಕೆತ್ತಿಕೊಟ್ಟವನೂ ಇವನೇ ಎನ್ನುತ್ತಾರೆ. ಎಲ್ಲಿಯ ಎಳೆ ಎಲ್ಲಿಗೆ ಸೇರುತ್ತದೆ ನೋಡಿ.

ಆಲ್ಬರ್ಟ್ ಆಸ್ಟ್‌ಮನ್ ಹೇಳಿದ್ದು ನನಗೆ ಅತ್ಯಂತ ಇಷ್ಟವಾದ ಕಥೆ. 1924ರಲ್ಲಿ ಬ್ರಿಟಿಷ್ ಕೊಲಂಬಿಯಾದ ಟೋಬಾ ಇನ್ಲೆಟ್ ಬಳಿ ಮಲಗಿದ್ದಾಗ ಮಲಗುಚೀಲದ ಸಮೇತ ತನ್ನನ್ನು ಎತ್ತಿಕೊಂಡು ಹೋದರು, ಅಪ್ಪ, ಅಮ್ಮ, ಮಗ, ಮಗಳಿದ್ದ ಸಾಸ್‌ಕ್ವಾಚ್ ಸಂಸಾರ ಆರು ದಿನ ಸೆರೆಯಿಟ್ಟುಕೊಂಡಿತು, ಕೊನೆಗೆ ಮನೆಯ ಯಜಮಾನ ತನ್ನ ನಶ್ಯದ ಡಬ್ಬಿಯನ್ನೇ ಬಾಯಿಗೆ ಸುರಿದುಕೊಂಡು ಹೊರಳಾಡುವಾಗ ತಪ್ಪಿಸಿಕೊಂಡೆ ಎಂದ. ಹೇಳಿದ್ದು ಯಾವಾಗ? 1957ರಲ್ಲಿ, 33 ವರ್ಷಗಳ ನಂತರ. ಪ್ರಮಾಣಪತ್ರಕ್ಕೆ ಸಹಿಯನ್ನೂ ಹಾಕಿದ.

ಮೂರನೆಯದು ವಿಲಿಯಂ ರೋ 1955ರಲ್ಲಿ ಮೈಕಾ ಪರ್ವತದಲ್ಲಿ ಕಂಡೆನೆಂದ ಹೆಣ್ಣು ಪ್ರಾಣಿ. ಬಂದೂಕು ಎತ್ತಿದವನು, ಮನುಷ್ಯರನ್ನು ಕೊಂದಂತಾಗುತ್ತದೆಂದು ಇಳಿಸಿದ. ಅವನ ವರ್ಣನೆ ಶಾಂತವಾಗಿದೆ, ಉತ್ಪ್ರೇಕ್ಷೆಯಿಲ್ಲ. ಈ ಪ್ರಸಂಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸಾವಿರಾರು ಜನ ಕಂಡಿದ್ದಾರೆ. ಅವರೆಲ್ಲ ಸುಳ್ಳು ಹೇಳುತ್ತಾರೆಯೇ?

ಇಲ್ಲ. ಈ ಪ್ರಶ್ನೆಯಲ್ಲೇ ಒಂದು ತಿರುಚು ಇದೆ: ಒಂದೋ ಬಿಗ್‌ಫುಟ್ ಇರಬೇಕು, ಇಲ್ಲವೇ ಕಂಡವರು ಸುಳ್ಳುಗಾರರು ಎಂದು ಅದು ನಮ್ಮನ್ನು ಮೂಲೆಗೆ ತಳ್ಳುತ್ತದೆ. ಪ್ರಾಮಾಣಿಕನಾದವನು ತಪ್ಪಾಗಿ ನೋಡುವುದು ಮೂರನೆಯ ಸಾಧ್ಯತೆ, ಮತ್ತು ಅದೇ ಹೆಚ್ಚಿನದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಉತ್ತರ ಅಮೆರಿಕದ ಕಪ್ಪು ಕರಡಿಗಳ ಸಂಖ್ಯೆ ಲಕ್ಷಗಳಲ್ಲಿದೆ. ಹೆಸರು ಕಪ್ಪು ಕರಡಿಯಾದರೂ ಪಶ್ಚಿಮದಲ್ಲಿ ಕಂದು, ದಾಲ್ಚಿನ್ನಿ ಬಣ್ಣದವೂ ಬಹಳ. ವಾಸನೆ ಹಿಡಿಯಲು, ದೂರ ನೋಡಲು ಹಿಂಗಾಲಿನ ಮೇಲೆ ನಿಲ್ಲುತ್ತವೆ, ನಾಲ್ಕು ಹೆಜ್ಜೆ ನಡೆಯುವುದೂ ಉಂಟು. ದರೋಜಿಯ ಬಂಡೆಗಳ ಮೇಲೆ ನಮ್ಮ ಕರಡಿ ಎದ್ದು ನಿಂತದ್ದನ್ನು ಕಂಡವರಿಗೆ ಅದರಲ್ಲಿ ಎಷ್ಟು ಮನುಷ್ಯತನ ಇಣುಕುತ್ತದೆಂದು ವಿವರಿಸಬೇಕಿಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪಶ್ಚಿಮ ಅಮೆರಿಕದ ಬಿಗ್‌ಫುಟ್ ವರದಿಗಳನ್ನು ಹವಾಮಾನ, ನೆಲದ ಮಾಹಿತಿಯೊಡನೆ ಕಂಪ್ಯೂಟರಿಗೆ ಊಡಿಸಿ ಅದರ ನೆಲೆಯ ನಕ್ಷೆ ಬರೆಯಿತು. ಬಂದ ನಕ್ಷೆ ಕಪ್ಪು ಕರಡಿಯ ನಕ್ಷೆಯೊಡನೆ ಬಹುಮಟ್ಟಿಗೆ ಕೂಡಿಕೊಂಡಿತು. 2024ರಲ್ಲಿ ಫ್ಲೋ ಫಾಕ್ಸನ್ ಎಂಬ ಸಂಶೋಧಕ ಜನಸಂಖ್ಯೆ, ಅರಣ್ಯ ವಿಸ್ತೀರ್ಣ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಪ್ರತಿ 1,000 ಕರಡಿಗಳಿಗೆ ಬಿಗ್‌ಫುಟ್ ವರದಿಗಳು ಸರಾಸರಿ ಶೇ 4ರಷ್ಟು ಏರುತ್ತವೆಂದು ತೋರಿಸಿದ.

ಇದರ ಮಿತಿಯೂ ಇದೆ. ಕರಡಿಯೇ ಇಲ್ಲದ ರಾಜ್ಯಗಳಿಂದಲೂ ವರದಿ ಬರುತ್ತವೆ. ಅಲ್ಲಿ ಇನ್ನೊಬ್ಬ ಚಾರಣಿಗ, ಸಂಜೆಯ ಮಬ್ಬಿನ ಮರದ ಬುಡ, ವೇಷ ಹಾಕಿದ ಹುಡುಗರು ಎಲ್ಲವೂ ಪಾಲುದಾರರು. ಕಂಡವನ ಮನಸ್ಸಿನಲ್ಲಿ ಚಿತ್ರ ಮೊದಲೇ ಇದ್ದರೆ ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದೆ. 1995ರಲ್ಲಿ ಶುರುವಾದ ಬಿಗ್‌ಫುಟ್ ಕ್ಷೇತ್ರ ಸಂಶೋಧಕರ ಸಂಘ ವರದಿಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ: ಸ್ಪಷ್ಟವಾಗಿ ಕಂಡದ್ದು ಎ, ಮಸುಕಾಗಿ ಕಂಡದ್ದು ಅಥವಾ ಬರೀ ಸದ್ದು ಕೇಳಿದ್ದು ಬಿ, ಇನ್ನೊಬ್ಬರಿಂದ ಕೇಳಿದ್ದು ಸಿ. ಒಳ್ಳೆಯ ಶಿಸ್ತೇ. ಆದರೆ ಎ ದರ್ಜೆಯ ವರದಿಯೂ ಮಾತೇ. ಸಾವಿರ ಮಾತು ಸೇರಿದರೂ ಒಂದು ಹಲ್ಲಿನ ತೂಕ ಬರುವುದಿಲ್ಲ.

1967ರ ಆ ಪ್ರಸಿದ್ಧ ಚಿತ್ರಣದ ಕಥೆಯೇನು?

ಇದನ್ನು ದಾಟಿ ಹೋಗಲು ಯಾರಿಗೂ ಆಗಿಲ್ಲ. 1967ರ ಅಕ್ಟೋಬರ್ 20ರಂದು ಅದೇ ಬ್ಲಫ್ ಕ್ರೀಕ್‌ನಲ್ಲಿ ಕುದುರೆಗಳ ಮೇಲೆ ಹೋಗುತ್ತಿದ್ದ ರೋಜರ್ ಪ್ಯಾಟರ್ಸನ್ ಮತ್ತು ಬಾಬ್ ಗಿಮ್ಲಿನ್ ಹಳ್ಳದ ದಂಡೆಯಲ್ಲಿ ಒಂದು ಆಕೃತಿಯನ್ನು ಕಂಡೆವೆಂದರು. ಪ್ಯಾಟರ್ಸನ್ ಬಾಡಿಗೆಗೆ ತಂದಿದ್ದ 16 ಮಿಲಿಮೀಟರ್ ಕ್ಯಾಮೆರಾ ಹಿಡಿದು ಓಡುತ್ತ ಚಿತ್ರೀಕರಿಸಿದ. ಸಿಕ್ಕಿದ್ದು ಒಂದು ನಿಮಿಷದಷ್ಟು. ಕೂದಲು ತುಂಬಿದ, ಎದ್ದು ಕಾಣುವ ಸ್ತನಗಳಿರುವ ಆಕೃತಿಯೊಂದು ತೋಳು ಬೀಸುತ್ತ ನಡೆದು, ಬಲಕ್ಕೆ ಹೊರಳಿ ನಮ್ಮತ್ತ ನೋಡಿ ಮರಗಳಲ್ಲಿ ಮರೆಯಾಗುತ್ತದೆ. ಹೊರಳಿ ನೋಡುವ ಆ 352ನೆಯ ಚೌಕಟ್ಟನ್ನು (ಫ್ರೇಮ್) ಬಿಗ್‌ಫುಟ್ ಹೆಸರೇ ಕೇಳದವರೂ ಎಲ್ಲೋ ನೋಡಿರುತ್ತಾರೆ.

ವಾದವೆಲ್ಲ ಒಂದು ಸಣ್ಣ ಸಂಗತಿಯ ಮೇಲೆ ನಿಂತಿದೆ: ಕ್ಯಾಮೆರಾ ಸೆಕೆಂಡಿಗೆ ಎಷ್ಟು ಚೌಕಟ್ಟು ತೆಗೆಯುತ್ತಿತ್ತು? ಆ ಕ್ಯಾಮೆರಾದ ವೇಗವನ್ನು ಬದಲಾಯಿಸಬಹುದಿತ್ತು, ಯಾವುದಕ್ಕೆ ಇಟ್ಟಿದ್ದೆನೆಂದು ಪ್ಯಾಟರ್ಸನ್‌ಗೇ ಖಚಿತವಿರಲಿಲ್ಲ. ಲಂಡನ್ನಿನ ದೇಹಚಲನೆಯ ತಜ್ಞ ಡಿ. ಡಬ್ಲ್ಯೂ. ಗ್ರೀವ್ 1970ರ ದಶಕದ ಆರಂಭದಲ್ಲಿ ಲೆಕ್ಕ ಹಾಕಿ, 24 ಚೌಕಟ್ಟುಗಳಾದರೆ ಇದು ಸಾಧಾರಣ ಮನುಷ್ಯನ ನಡಿಗೆ, 16 ಅಥವಾ 18 ಆದರೆ ಮನುಷ್ಯನ ನಡಿಗೆಗೆ ಹೊಂದುವುದಿಲ್ಲ ಎಂದ. ಅಂದರೆ ಪ್ರಾಣಿಯನ್ನು ತೀರ್ಮಾನಿಸಬೇಕಾದ ಸಾಕ್ಷ್ಯವನ್ನು ಕ್ಯಾಮೆರಾದ ಒಂದು ಗುಂಡಿ ತೀರ್ಮಾನಿಸುತ್ತದೆ. ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದ್ದ ವಾನರತಜ್ಞ ಜಾನ್ ನೇಪಿಯರ್‌ಗೆ ಬೇರೊಂದು ಸಂದೇಹವಿತ್ತು: ದೇಹದ ಮೇಲ್ಭಾಗ ವಾನರನದು, ಕೆಳಭಾಗ ಮತ್ತು ನಡಿಗೆ ಮನುಷ್ಯನದು; ಒಂದೇ ಪ್ರಾಣಿಯಲ್ಲಿ ಇವೆರಡೂ ಕೂಡುವುದು ಹೇಗೆ?

ಇನ್ನು ಸಂದರ್ಭ. ಪ್ಯಾಟರ್ಸನ್ ಕಾಡಿಗೆ ಹೋದದ್ದೇ ಬಿಗ್‌ಫುಟ್ ಬಗ್ಗೆ ಚಿತ್ರ ಮಾಡಲು. ಹಿಂದಿನ ವರ್ಷ ಅವನು ಪ್ರಕಟಿಸಿದ್ದ ಪುಸ್ತಕದಲ್ಲಿ ವಿಲಿಯಂ ರೋ ಕಂಡೆನೆಂದ ಹೆಣ್ಣು ಪ್ರಾಣಿಯ ಪ್ರಸಂಗ ಚಿತ್ರಸಹಿತ ಇತ್ತು. ವರ್ಷ ತಿರುಗುವುದರೊಳಗೆ ಅಂಥದೇ ಹೆಣ್ಣು ಅವನ ಕ್ಯಾಮೆರಾದ ಮುಂದೆಯೇ ನಡೆದು ಹೋದದ್ದು ಭಾರಿ ಅದೃಷ್ಟವೇ ಸರಿ.

ವೇಷ ತೊಟ್ಟವನೇ ಒಪ್ಪಿಕೊಂಡನಲ್ಲ?

ಬಾಬ್ ಹೈರೋನಿಮಸ್ ಎಂಬಾತ ಆ ವೇಷ ತೊಟ್ಟವನು ತಾನೇ ಎಂದದ್ದು 2004ರ ಪುಸ್ತಕವೊಂದರಲ್ಲಿ ವಿವರವಾಗಿ ಬಂತು. ಫಿಲಿಪ್ ಮಾರಿಸ್ ಎಂಬ ವೇಷಭೂಷಣ ವ್ಯಾಪಾರಿ, ಗೊರಿಲ್ಲಾ ಉಡುಪನ್ನು ಪ್ಯಾಟರ್ಸನ್‌ಗೆ ಅಂಚೆಯಲ್ಲಿ ಕಳಿಸಿದ್ದು ತಾನು ಎಂದ. ತೊಂದರೆಯೆಂದರೆ ಇಬ್ಬರ ಉಡುಪೂ ಒಂದೇ ಅಲ್ಲ: ಒಬ್ಬನದು ಕುದುರೆ ಚರ್ಮದ್ದು, ಇನ್ನೊಬ್ಬನದು ಕೃತಕ ನಾರಿನದ್ದು. ಮೂಲ ಉಡುಪು ಯಾರ ಅಟ್ಟದಿಂದಲೂ ಕೆಳಗಿಳಿದಿಲ್ಲ. ವಾನರ ಮುಖವಾಡಗಳಿಗೆ ಹೆಸರಾಗಿದ್ದ ಹಾಲಿವುಡ್ಡಿನ ಪ್ರಸಾಧನ ಕಲಾವಿದ ಜಾನ್ ಚೇಂಬರ್ಸ್ ಮಾಡಿದ್ದೆಂಬ ವದಂತಿಯೂ ಇತ್ತು, ಅವರೇ ಅಲ್ಲಗಳೆದರು. ಪ್ಯಾಟರ್ಸನ್ 1972ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ, ಕೊನೆಯವರೆಗೂ ಮಾತು ಬದಲಿಸಲಿಲ್ಲ. ಗಿಮ್ಲಿನ್ ಕೂಡ ಬದಲಿಸಿಲ್ಲ.

ಮೋಸವೆನ್ನುವವರ ಬಳಿಯೂ ಗಟ್ಟಿ ಪುರಾವೆ ಇಲ್ಲ ಎಂದು ಒಪ್ಪುವುದರಲ್ಲಿ ಸಂಕೋಚವೇನಿಲ್ಲ. ವೇಷವೆಂದು ಸಾಬೀತಾಗದ್ದು ಪ್ರಾಣಿಯೆಂದು ಸಾಬೀತಾದಂತೆ ಅಲ್ಲ, ಅಷ್ಟೆ. ಹೊಸ ಜೀವಿಯೊಂದು ಇದೆ ಎನ್ನುವವರ ಮೇಲೇ ಹೊರೆ.

ಹೆಜ್ಜೆ ಗುರುತುಗಳಲ್ಲಿ ವೈಜ್ಞಾನಿಕವಾದದ್ದು ಏನಾದರೂ ಇದೆಯೇ?

ಇದೆ, ಮತ್ತು ನಂಬುವವರ ಅತಿ ಗಂಭೀರ ವಾದ ಇಲ್ಲೇ ಇರುವುದು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಗ್ರೋವರ್ ಕ್ರಾಂಟ್ಜ್ 1969ರಲ್ಲಿ ಬಾಸ್‌ಬರ್ಗ್ ಎಂಬ ಊರಿನ ಹತ್ತಿರ ಹಿಮದಲ್ಲಿ ಸಿಕ್ಕ ಹೆಜ್ಜೆಸಾಲನ್ನು ಅಭ್ಯಾಸ ಮಾಡಿದರು. ಎಣಿಸಿದವರ ಪ್ರಕಾರ ಅಲ್ಲಿದ್ದುದು 1,089 ಹೆಜ್ಜೆಗಳು. ಬಲಪಾದ ಊನವಾಗಿತ್ತು. ಉಬ್ಬುಗಳಿರುವ ಜಾಗದಿಂದ ಒಳಗಿನ ಮೂಳೆಗಳ ಜೋಡಣೆಯನ್ನು ಊಹಿಸಿದ ಕ್ರಾಂಟ್ಜ್, ಇಷ್ಟು ಅಂಗರಚನೆ ತಿಳಿದ ಮೋಸಗಾರ ಇರಲಾರ ಎಂದು ತೀರ್ಮಾನಿಸಿದರು. ನೌಕರಿಯಲ್ಲಿ ಇದಕ್ಕಾಗಿ ಬೆಲೆ ತೆತ್ತರು, ಹಿಂಜರಿಯಲಿಲ್ಲ. ಆದರೆ ಆ ಹೆಜ್ಜೆಗಳ ಸುದ್ದಿಯಲ್ಲಿ ಮುಂದಿದ್ದ ಐವನ್ ಮಾರ್ಕ್ಸ್ ಸ್ವಲ್ಪ ಕಾಲದಲ್ಲೇ ಕುಂಟ ಬಿಗ್‌ಫುಟ್‌ನ ಚಿತ್ರಣವನ್ನೇ ತಂದ. ಅದು ನಕಲಿಯೆಂದು ಬಿಗ್‌ಫುಟ್ ಹುಡುಕುವವರೇ ಹೇಳಿದರು. ಇಂಥವನ ಅಂಗಳದಲ್ಲಿ ಸಿಕ್ಕ ಹೆಜ್ಜೆಯನ್ನು ನಾನಾದರೆ ಹತ್ತು ಸಲ ತಿರುವಿ ನೋಡುತ್ತಿದ್ದೆ.

ಕ್ರಾಂಟ್ಜ್ ಬಳಿಕ ಈ ವಾದವನ್ನು ಹೊತ್ತವರು ಐಡಹೊ ಸ್ಟೇಟ್ ವಿಶ್ವವಿದ್ಯಾಲಯದ ಜೆಫ್ ಮೆಲ್ಡ್ರಮ್. ನಮ್ಮ ಪಾದ ಕಮಾನಿನಂತೆ ಬಿಗಿ, ವಾನರಗಳ ಪಾದ ನಡುವಿನಲ್ಲಿ ಬಾಗುತ್ತದೆ. ಕೆಲವು ಅಚ್ಚುಗಳಲ್ಲಿ ಪಾದದ ನಡುವೆ ಕಾಣುವ ಮಣ್ಣಿನ ದಿಬ್ಬ ಅಂಥ ಬಾಗಿನ ಗುರುತು, ಇದನ್ನು ಹಳ್ಳಿಯ ಚೇಷ್ಟೆಗಾರ ಹೇಗೆ ಬಲ್ಲ ಎಂಬುದು ಅವರ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಉತ್ತರದ ಒಂದು ತುಣುಕು 2013ರಲ್ಲಿ ಬಾಸ್ಟನ್ನಿನಿಂದ ಬಂತು. ಅಲ್ಲಿಯ ವಿಜ್ಞಾನ ಸಂಗ್ರಹಾಲಯಕ್ಕೆ ಬಂದ ಸುಮಾರು 400 ಜನರನ್ನು ಬರಿಗಾಲಲ್ಲಿ ನಡೆಸಿ ನೋಡಿದಾಗ ಹದಿಮೂರು ಜನರಲ್ಲಿ ಒಬ್ಬರ ಪಾದ ನಡುವಿನಲ್ಲಿ ಬಾಗುತ್ತಿತ್ತು. ಅಂದರೆ ಆ ಗುಣ ವಾನರನ ಸ್ವತ್ತಲ್ಲ, ಬಸ್ಸಿನಲ್ಲಿ ಪಕ್ಕ ಕೂತವರಲ್ಲೂ ಇರಬಹುದು.

ಅಚ್ಚುಗಳಲ್ಲಿ ಬೆರಳಚ್ಚಿನಂಥ ಗೆರೆಗಳೂ ಇವೆಯಂತೆ?

ಟೆಕ್ಸಾಸಿನ ಪೊಲೀಸ್ ಬೆರಳಚ್ಚು ತಜ್ಞ ಜಿಮ್ಮಿ ಚಿಲ್ಕಟ್ ಕೆಲವು ಅಚ್ಚುಗಳಲ್ಲಿ ಮನುಷ್ಯರದ್ದೂ ಅಲ್ಲದ, ತಿಳಿದ ವಾನರಗಳದ್ದೂ ಅಲ್ಲದ ಚರ್ಮರೇಖೆಗಳನ್ನು ಕಂಡೆನೆಂದರು. ಮ್ಯಾಟ್ ಕ್ರೌಲಿ ಎಂಬ ಹವ್ಯಾಸಿ ಸುಮ್ಮನೆ ಒಣ ಮಣ್ಣಿನಲ್ಲಿ ತಾನೇ ಒತ್ತಿದ ಗುರುತುಗಳಿಗೆ ಪ್ಲಾಸ್ಟರ್ ಸುರಿದು ನೋಡಿದ. ಮಣ್ಣು ನೀರನ್ನು ಹೀರಿಕೊಳ್ಳುವಾಗ ಅಚ್ಚಿನ ಮೈಮೇಲೆ ಅಂಥವೇ ಗೆರೆಗಳು ಮೂಡಿದವು. ಇಡೀ ಬಿಗ್‌ಫುಟ್ ಸಾಹಿತ್ಯದಲ್ಲಿ ನನಗೆ ಮೆಚ್ಚುಗೆಯಾದ ಪ್ರಯೋಗ ಇದು: ಖರ್ಚು ಕಡಿಮೆ, ಯಾರು ಬೇಕಾದರೂ ಮನೆಯ ಹಿಂದೆ ಮಾಡಿ ನೋಡಬಹುದು.

ಅಂದ ಹಾಗೆ, ಕರಡಿ ನಡೆಯುವಾಗ ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಅರೆಬರೆ ಬಿದ್ದು ಎರಡೂ ಸೇರಿ ಉದ್ದನೆಯ ಒಂದೇ ಪಾದದಂತೆ ಕಾಣುತ್ತದೆ. ಹಿಮದಲ್ಲಾದರೆ ಬಿಸಿಲಿಗೆ ಅಂಚು ಕರಗಿ ಇನ್ನೂ ಹಿಗ್ಗುತ್ತದೆ. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವುದು ಬಾಯಿಯ ಕೆಲಸ. ಇಲ್ಲಿ ಅದನ್ನು ಬಿಸಿಲೇ ಮಾಡುತ್ತದೆ.

ಸ್ಕೂಕಮ್ ಅಚ್ಚು ಎಂದರೇನು?

2000ದ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ನಿನ ಗಿಫರ್ಡ್ ಪಿಂಚೊ ಅರಣ್ಯದಲ್ಲಿ, ಹಣ್ಣಿನ ಆಮಿಷ ಇಟ್ಟಿದ್ದ ಕೆಸರಿನಲ್ಲಿ ಸಿಕ್ಕ ದೊಡ್ಡ ಮೈಗುರುತು. ಬಿಗ್‌ಫುಟ್ ಒರಗಿ ಕೂತು ಹಣ್ಣಿಗೆ ಕೈಚಾಚಿದ ಗುರುತು ಎಂದು ಒಂದು ಪಕ್ಷ, ಎಲ್ಕ್ ಎಂಬ ದೊಡ್ಡ ಜಿಂಕೆ ಕಾಲು ಮಡಚಿ ಮಲಗಿ ಎದ್ದ ಗುರುತು ಎಂದು ಇನ್ನೊಂದು. ಎಲ್ಕ್ ಕೂದಲು ಅದೇ ಕೆಸರಿನಲ್ಲಿತ್ತು. ಬಿಗ್‌ಫುಟ್‌ನ ಪಾದದ ಗುರುತು ಒಂದೂ ಇರಲಿಲ್ಲ.

ಕೂದಲು, ಡಿಎನ್‌ಎ ಪರೀಕ್ಷೆಗಳು ಏನು ಹೇಳಿವೆ?

ಹೇಳಬೇಕಾದ್ದನ್ನು ಹೇಳಿವೆ, ಕೇಳಿಸಿಕೊಳ್ಳುವವರು ಕಡಿಮೆ.

1976ರಲ್ಲಿ ಆರೆಗನ್ನಿನ ಬಿಗ್‌ಫುಟ್ ಶೋಧಕ ಪೀಟರ್ ಬರ್ನ್, ಚರ್ಮದ ಚೂರಿಗೆ ಅಂಟಿಕೊಂಡ 15 ಕೂದಲುಗಳನ್ನು ಪರೀಕ್ಷಿಸಿಕೊಡಿ ಎಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಬರೆದರು. ಅಪರಾಧ ತನಿಖೆಗೆ ಸಂಬಂಧವಿಲ್ಲದಿದ್ದರೂ ಎಫ್‌ಬಿಐ ಪರೀಕ್ಷಿಸಿತು. ಅದು ಜಿಂಕೆ ಜಾತಿಯ ಕೂದಲು. ಆ 22 ಪುಟಗಳ ಕಡತ 2019ರ ಜೂನ್‌ನಲ್ಲಿ ಹೊರಬಂದಾಗ, ಎಫ್‌ಬಿಐ ಬಿಗ್‌ಫುಟ್ ತನಿಖೆ ನಡೆಸಿತ್ತು ಎಂಬ ತಲೆಬರಹವೇ ಎಲ್ಲೆಡೆ ಓಡಾಡಿತು, ಜಿಂಕೆ ಕೊನೆಯ ಸಾಲಿಗೆ ಹೋಯಿತು. 2005ರಲ್ಲಿ ಕೆನಡಾದ ಯೂಕಾನ್ ಪ್ರದೇಶದ ಟೆಸ್ಲಿನ್‌ನಲ್ಲಿ ಹಲವರು ಒಟ್ಟಿಗೆ ಕಂಡೆವೆಂದ ಪ್ರಾಣಿಯ ಕೂದಲನ್ನು ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದರು. ಕಾಡುಕೋಣದ ಬಳಗದ ಬೈಸನ್!

ದೊಡ್ಡ ಪರೀಕ್ಷೆ ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ಅವರದು. ಜಗತ್ತಿನ ಯಾವ ಮೂಲೆಯಿಂದಾದರೂ ಯೇತಿ, ಬಿಗ್‌ಫುಟ್ ಕೂದಲು ಕಳಿಸಿ ಎಂದು ಬಹಿರಂಗವಾಗಿ ಕರೆಕೊಟ್ಟರು. ಬಂದವುಗಳಲ್ಲಿ ಗಾಜಿನ ನಾರು, ಸಸ್ಯದ ನಾರನ್ನೆಲ್ಲ ತೆಗೆದು, ಆಯ್ದವುಗಳಲ್ಲಿ 30 ಮಾದರಿಗಳಿಂದ ಡಿಎನ್‌ಎ ಸಿಕ್ಕಿತು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಕರಡಿ, ಹಸು, ಕುದುರೆ, ರಕೂನ್, ಮುಳ್ಳುಹಂದಿ, ಜಿಂಕೆ, ತೋಳ ಅಥವಾ ನಾಯಿ, ಒಂದು ಕಡೆ ಮನುಷ್ಯ. ಅಜ್ಞಾತ ವಾನರ ಒಂದೂ ಇಲ್ಲ. ಲಡಾಖ್ ಮತ್ತು ಭೂತಾನಿನ ಎರಡು ಮಾದರಿಗಳು ಪುರಾತನ ಹಿಮಕರಡಿಗೆ ಹೊಂದುತ್ತವೆಂದು ಸೈಕ್ಸ್ ಬರೆದದ್ದು ಸಂಚಲನ ಮಾಡಿತು. ಮರುವಿಶ್ಲೇಷಣೆ ಮಾಡಿದ ಬೇರೆಯವರು ಅದು ಹಿಮಾಲಯದ ಕಂದು ಕರಡಿಯೇ ಎಂದು ತೋರಿಸಿದರು. ವಿಜ್ಞಾನ ನಡೆಯಬೇಕಾದದ್ದು ಹೀಗೆಯೇ.

ಇದಕ್ಕೆ ಪಕ್ಕದಲ್ಲೇ 2013ರ ಇನ್ನೊಂದು ಪ್ರಸಂಗವಿದೆ. ಟೆಕ್ಸಾಸಿನ ಪಶುವೈದ್ಯೆ ಮೆಲ್ಬಾ ಕೆಚಮ್ ನೂರಕ್ಕೂ ಹೆಚ್ಚು ಮಾದರಿಗಳ ಆಧಾರದಲ್ಲಿ, ಬಿಗ್‌ಫುಟ್ ಸುಮಾರು 15,000 ವರ್ಷಗಳ ಹಿಂದೆ ಮನುಷ್ಯ ಸ್ತ್ರೀಯರಿಗೂ ಅಜ್ಞಾತ ಜೀವಿಗೂ ಹುಟ್ಟಿದ ಮಿಶ್ರತಳಿ ಎಂದು ಘೋಷಿಸಿದರು. ಲೇಖನ ಬಂದದ್ದು ಆಗಷ್ಟೇ ಹುಟ್ಟಿದ ಪತ್ರಿಕೆಯಲ್ಲಿ; ಆ ಸಂಚಿಕೆಯಲ್ಲಿದ್ದುದು ಅದೊಂದೇ ಲೇಖನ. ದತ್ತಾಂಶ ನೋಡಿದ ತಳಿವಿಜ್ಞಾನಿಗಳಿಗೆ ಕಂಡದ್ದು ಮುಟ್ಟಿದವರ ಕೈಯ ಡಿಎನ್‌ಎ ಬೆರೆತ, ಹಾಳಾದ ಮಾದರಿಗಳು.

'ಯಾವ ಪ್ರಾಣಿಯೆಂದು ತಿಳಿಯಲಿಲ್ಲ' ಎಂಬ ಫಲಿತಾಂಶ ಬಂದರೆ?

ಹಾಗೆಂದರೆ ತಿಳಿಯಲಿಲ್ಲ ಎಂದಷ್ಟೇ ಅರ್ಥ. ಕೂದಲಿನಲ್ಲಿ ಬೇರು ಇಲ್ಲದಿರಬಹುದು, ಮಳೆಬಿಸಿಲಿಗೆ ಡಿಎನ್‌ಎ ಮುರಿದಿರಬಹುದು. ಖಾಲಿ ಜಾಗದಲ್ಲಿ ಬಿಗ್‌ಫುಟ್ ಎಂದು ಬರೆದುಕೊಳ್ಳುವ ಹಕ್ಕು ಯಾರಿಗೂ ಬರುವುದಿಲ್ಲ.

ಶವವಾದರೂ ಏಕೆ ಸಿಕ್ಕಿಲ್ಲ? ಕಾಡಿನಲ್ಲಿ ಸತ್ತ ಕರಡಿಯೂ ಸಿಗುವುದಿಲ್ಲವಂತೆ.

ಈ ಮಾತನ್ನು ನಂಬುವವರು ಬಹಳ ಬಳಸುತ್ತಾರೆ, ಅರ್ಧ ಸರಿ. ಕಾಡಿನಲ್ಲಿ ಹೆಣ ಉಳಿಯುವುದಿಲ್ಲ. ಹದ್ದು, ನರಿ, ಹುಳು, ಆಮ್ಲೀಯ ಮಣ್ಣು ಎಲ್ಲವೂ ಬೇಗ ಕೆಲಸ ಮುಗಿಸುತ್ತವೆ. ಆದರೆ ಕರಡಿಗಳು ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸಾಯುತ್ತವೆ, ಬೇಟೆಗಾರರ ಗುಂಡಿಗೆ ಬೀಳುತ್ತವೆ, ಗುಹೆಗಳಲ್ಲಿ ಸಾವಿರಾರು ವರ್ಷ ಹಳೆಯ ಮೂಳೆ ಬಿಟ್ಟಿವೆ, ಸಂಗ್ರಹಾಲಯದ ಕಪಾಟುಗಳಲ್ಲಿ ತುಂಬಿವೆ. ಒಂದೇ ಒಂದು ಬಿಗ್‌ಫುಟ್ ಯುಗಯುಗಾಂತರ ಬದುಕಿರಲಾರದು. ಅಪ್ಪ, ಅಮ್ಮ, ಮರಿ, ಮುದಿ ಎಂದು ಸಂತತಿಯೇ ಇರಬೇಕು. ಇಷ್ಟು ರಾಜ್ಯಗಳಲ್ಲಿ ಹರಡಿದ ಸಂತತಿಯಲ್ಲಿ ಒಂದಾದರೂ ಲಾರಿಗೆ ಅಡ್ಡ ಬರಬೇಕಿತ್ತು.

ಶವ ಸಿಕ್ಕಿತೆಂದವರೂ ಇದ್ದಾರೆ. 2008ರ ಆಗಸ್ಟ್‌ನಲ್ಲಿ ಜಾರ್ಜಿಯಾದ ಇಬ್ಬರು ಮಂಜುಗಡ್ಡೆಯಲ್ಲಿಟ್ಟ ಬಿಗ್‌ಫುಟ್ ಶವದ ಚಿತ್ರ ತೋರಿಸಿದರು, ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕಾಗೋಷ್ಠಿ ನಡೆಯಿತು, ಜಗತ್ತೆಲ್ಲ ಸುದ್ದಿಯಾಯಿತು. ಮಂಜು ಕರಗಿದಾಗ ಒಳಗಿದ್ದುದು ರಬ್ಬರ್ ಉಡುಪು.

ಜೈಗ್ಯಾಂಟೋಪಿಥೆಕಸ್ ಎಂಬ ದೈತ್ಯ ವಾನರ ನಿಜವಾಗಿಯೂ ಇತ್ತಲ್ಲ? ಅದೇ ಉಳಿದಿರಬಾರದೇ?

ಇತ್ತು. 1935ರಲ್ಲಿ ವಾನ್ ಕ್ಯೋನಿಗ್ಸ್‌ವಾಲ್ಡ್ ಎಂಬ ವಿಜ್ಞಾನಿಗೆ ಹಾಂಗ್‌ಕಾಂಗಿನ ಔಷಧಿ ಅಂಗಡಿಯಲ್ಲಿ, 'ಡ್ರ್ಯಾಗನ್ ಹಲ್ಲು' ಎಂದು ಮಾರುತ್ತಿದ್ದ ರಾಶಿಯಲ್ಲಿ ಅದರ ದವಡೆಹಲ್ಲು ಸಿಕ್ಕಿತು. ಆಮೇಲೆ ದಕ್ಷಿಣ ಚೀನಾದ ಗುಹೆಗಳಲ್ಲಿ ಸುಮಾರು 2,000 ಹಲ್ಲುಗಳು, ನಾಲ್ಕು ಕೆಳದವಡೆಗಳು ಸಿಕ್ಕವು. ಅಷ್ಟೇ. ಸೊಂಟ, ತೊಡೆ, ಪಾದದ ಮೂಳೆ ಒಂದೂ ಇಲ್ಲ, ಆದ್ದರಿಂದ ಎರಡು ಕಾಲಿನಲ್ಲಿ ನಡೆಯಿತೆನ್ನುವುದು ಬರೀ ಊಹೆ. ಹಲ್ಲಿನ ಪ್ರೋಟೀನ್ ಪರೀಕ್ಷಿಸಿದ 2019ರ ಅಧ್ಯಯನ ಅದನ್ನು ಒರಾಂಗುಟಾನ್ ಬಳಗಕ್ಕೆ ಸೇರಿಸಿತು. 2024ರ ಅಧ್ಯಯನದ ಪ್ರಕಾರ 2,95,000 ಮತ್ತು 2,15,000 ವರ್ಷಗಳ ಹಿಂದಿನ ಅವಧಿಯಲ್ಲಿ ಅದು ಅಳಿಯಿತು. ಕಾಡು ಬದಲಾದಾಗ ಆಹಾರ ಬದಲಿಸಿಕೊಳ್ಳಲಾಗಲಿಲ್ಲ. ಉಷ್ಣ ಕಾಡನ್ನೇ ನೆಚ್ಚಿದ್ದ ಪ್ರಾಣಿ ಸೈಬೀರಿಯಾ ದಾಟಿ, ಹಿಮಯುಗದಲ್ಲಿ ಏಷ್ಯಾ, ಅಮೆರಿಕಗಳನ್ನು ಬೆಸೆದಿದ್ದ ಬೇರಿಂಗ್ ಭೂಸೇತುವೆ ದಾಟಿ ಅಮೆರಿಕ ಸೇರಿತು, ದಾರಿಯುದ್ದಕ್ಕೂ ಒಂದು ಹಲ್ಲನ್ನೂ ಬೀಳಿಸಲಿಲ್ಲ ಎಂದು ನಂಬಬೇಕಾಗುತ್ತದೆ. ಮನುಷ್ಯನನ್ನು ಬಿಟ್ಟರೆ ಬಾಲವಿಲ್ಲದ ಮಹಾವಾನರದ ಒಂದೇ ಒಂದು ಪಳೆಯುಳಿಕೆ ಎರಡೂ ಅಮೆರಿಕ ಖಂಡಗಳಲ್ಲಿ ಸಿಕ್ಕಿಲ್ಲ. ಜೈಗ್ಯಾಂಟೋಪಿಥೆಕಸ್‌ನ ಹಳೆಯ ನಂಟನೊಬ್ಬನ ದವಡೆ ಸಿಕ್ಕಿದ್ದು ನಮ್ಮ ಹಿಮಾಚಲದ ಶಿವಾಲಿಕ್ ಬೆಟ್ಟಗಳಲ್ಲಿ.

ಕಾಡೆಲ್ಲ ಕ್ಯಾಮೆರಾ ಟ್ರ್ಯಾಪ್ ಇರುವ ಕಾಲದಲ್ಲಿ ಒಂದು ಚಿತ್ರವೂ ಇಲ್ಲವೇ?

ಮಸುಕು ಚಿತ್ರಗಳು ಬೇಕಾದಷ್ಟಿವೆ. ಪ್ರಾಣಿ ಸುಳಿದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನ ಶಕ್ತಿ ಕನ್ನಡಿಗರಿಗೆ ಹೊಸದಲ್ಲ: ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಪಟ್ಟೆಗಳ ಆಧಾರದಲ್ಲಿ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಕೆಯ ವಿಧಾನವನ್ನೇ ಬದಲಾಯಿಸಿದರು. ಕಣ್ಣಿಗೆ ಬೀಳದ ಪ್ರಾಣಿ ಪೆಟ್ಟಿಗೆಗೆ ಬೀಳುತ್ತದೆ.

ಬಿಗ್‌ಫುಟ್ ನಾಡಿನಿಂದಲೇ ಒಂದು ನಿದರ್ಶನ. ಕ್ಯಾಲಿಫೋರ್ನಿಯಾದಲ್ಲಿ ವಾಲ್ವರೀನ್ ಎಂಬ ಪ್ರಾಣಿ 1920ರ ದಶಕದಿಂದೀಚೆಗೆ ಖಚಿತವಾಗಿ ಕಂಡಿರಲಿಲ್ಲ. 2008ರಲ್ಲಿ ಟಾಹೊ ಅರಣ್ಯದಲ್ಲಿ ವಿದ್ಯಾರ್ಥಿನಿಯೊಬ್ಬರು ಬೇರೆ ಪ್ರಾಣಿಗಾಗಿ ಇಟ್ಟಿದ್ದ ಕ್ಯಾಮೆರಾಗೆ ಒಂದು ವಾಲ್ವರೀನ್ ಸಿಕ್ಕಿಬಿಟ್ಟಿತು. ಕೂದಲು, ಹಿಕ್ಕೆ ಸಂಗ್ರಹಿಸಿ ಡಿಎನ್‌ಎ ನೋಡಿದರೆ ಅದು ರಾಕಿ ಪರ್ವತಗಳ ಕಡೆಯಿಂದ ಬಂದ ಗಂಡು. ನಾಯಿ ಗಾತ್ರದ ಒಂಟಿ ಪ್ರಾಣಿ ನೂರಾರು ಮೈಲಿ ನಡೆದು ಬಂದರೂ ಚಿತ್ರ, ಕೂದಲು, ಊರಿನ ವಿಳಾಸ ಎಲ್ಲ ಸಿಗುತ್ತದೆ. ಎಂಟು ಅಡಿಯ ಸಂಸಾರಸ್ಥ ಪ್ರಾಣಿಗೆ ಇದೊಂದೂ ಅನ್ವಯಿಸುವುದಿಲ್ಲ ಎಂದರೆ ಅದಕ್ಕೆ ಮಂತ್ರಶಕ್ತಿ ಇರಬೇಕು. ಕೆಲವು ನಂಬುವವರು ಈಗ ಹಾಗೆಯೇ ಹೇಳುತ್ತಾರೆ. ಅಲ್ಲಿಗೆ ನಮ್ಮ ಚರ್ಚೆಯ ಗಡಿ ಮುಗಿಯುತ್ತದೆ.

ಗೊರಿಲ್ಲಾವನ್ನೂ ಒಮ್ಮೆ ಕಟ್ಟುಕಥೆ ಎನ್ನುತ್ತಿದ್ದರಲ್ಲ?

ಪರ್ವತ ಗೊರಿಲ್ಲಾ 1902ರಲ್ಲಿ, ಜಿರಾಫೆಯ ಬಳಗದ ಓಕಾಪಿ 1901ರಲ್ಲಿ ವಿಜ್ಞಾನಕ್ಕೆ ತಿಳಿದವು. ವಿಯೆಟ್ನಾಮಿನ ಸಾವೊಲಾ ಎಂಬ ಉದ್ದಕೊಂಬಿನ ಕಾಡುಪ್ರಾಣಿ 1992ರಲ್ಲಷ್ಟೇ. ಹೇಗೆ ತಿಳಿದವು ಎನ್ನುವುದನ್ನು ನೋಡಿ. ಸಾವೊಲಾದ ಕೊಂಬುಗಳು ಹಳ್ಳಿಯ ಬೇಟೆಗಾರರ ಮನೆಯಲ್ಲೇ ಇದ್ದವು; ಜೀವಂತ ಪ್ರಾಣಿಯ ಚಿತ್ರ ಆಮೇಲೆ ಬಂತು. ಬಿಗ್‌ಫುಟ್ ವಿಷಯದಲ್ಲಿ ಎಲ್ಲ ತಿರುವುಮುರುವು: ಚಿತ್ರ, ಪುಸ್ತಕ, ವಸ್ತುಸಂಗ್ರಹಾಲಯ, ಊರಬಾಗಿಲಿನ ಪ್ರತಿಮೆ ಎಲ್ಲ ಬಂದವು, ಕೊಂಬಿಗೆ ಸಮನಾದದ್ದು ಬರಲಿಲ್ಲ.

ವಿಜ್ಞಾನಿಗಳಲ್ಲಿ ನಂಬುವವರೇ ಇಲ್ಲವೇ?

ಕ್ರಾಂಟ್ಜ್, ಮೆಲ್ಡ್ರಮ್ ಹೆಸರು ಆಗಲೇ ಬಂದಿತು. ಚಿಂಪಾಂಜಿಗಳ ಜೇನ್ ಗುಡಾಲ್ ಕೂಡ 2002ರ ರೇಡಿಯೊ ಸಂದರ್ಶನವೊಂದರಲ್ಲಿ ಅವು ಇವೆಯೆಂದು ತನಗೆ ಖಾತ್ರಿಯೆಂದರು. ದೊಡ್ಡವರ ಆಸೆ ಸಾಕ್ಷ್ಯವಾಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ದೇಹ ಎಲ್ಲಿ ಎಂದು ಅವರೇ ಕೇಳಿದರು. ಕ್ರಾಂಟ್ಜ್ 2002ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಅಸ್ಥಿಪಂಜರವನ್ನು ಸ್ಮಿತ್ಸೋನಿಯನ್‌ಗೆ ಬರೆದುಕೊಟ್ಟರು, ತಮ್ಮ ನಾಯಿಗಳದನ್ನೂ ಜೊತೆಗಿಡಬೇಕೆಂಬ ಷರತ್ತಿನೊಡನೆ. ಮೂಳೆ ಬೇಕು ಎಂದು ಜೀವನವಿಡೀ ಹೇಳಿದ ಮನುಷ್ಯ ತನ್ನದನ್ನೇ ಕೊಟ್ಟ.

ಬಿಗ್‌ಫುಟ್ ಕೊಂದರೆ ಶಿಕ್ಷೆಯಿದೆಯೇ?

ವಾಷಿಂಗ್ಟನ್ನಿನ ಸ್ಕಮೇನಿಯಾ ಕೌಂಟಿಯಲ್ಲಿ ಇದೆ. 1969ರಲ್ಲಿ ಅಲ್ಲಿಯ ಆಡಳಿತ 10,000 ಡಾಲರ್ ದಂಡ, ಐದು ವರ್ಷದವರೆಗೆ ಸೆರೆ ಎಂದು ಕಟ್ಟಳೆ ಮಾಡಿತು. ದಿನಾಂಕ ಏಪ್ರಿಲ್ 1, ಆದರೂ ತಮಾಷೆಯಲ್ಲ. ಬಂದೂಕು ಹಿಡಿದು ಬಿಗ್‌ಫುಟ್ ಹುಡುಕುವವರ ಗುಂಡು ಉದ್ದಗಡ್ಡದ ಚಾರಣಿಗರಿಗೆ ತಗಲೀತೆಂಬ ಭಯ. 1984ರಲ್ಲಿ ಶಿಕ್ಷೆ ತಗ್ಗಿಸಿ ತಿದ್ದಿದರು. ಅಪಾಯ ಗುಂಡಿನಿಂದಷ್ಟೇ ಅಲ್ಲ: 2012ರಲ್ಲಿ ಮೊಂಟಾನಾದ ಹೆದ್ದಾರಿಯಲ್ಲಿ ಬಿಗ್‌ಫುಟ್ ಎಂದು ಜನರನ್ನು ಬೆಚ್ಚಿಬೀಳಿಸಲು ವೇಷ ಹಾಕಿ ನಿಂತಿದ್ದ ವ್ಯಕ್ತಿ ಕಾರುಗಳಿಗೆ ಸಿಕ್ಕಿ ಸತ್ತ.

ಭಾರತದಲ್ಲೂ ಇಂಥದ್ದು ಇದೆಯೇ?

ಯೇತಿ ಎಲ್ಲರಿಗೂ ಗೊತ್ತು. 2019ರ ಏಪ್ರಿಲ್‌ನಲ್ಲಿ ಭಾರತೀಯ ಸೇನೆಯೇ ನೇಪಾಳದ ಮಕಾಲು ಪರ್ವತದ ಶಿಬಿರದ ಬಳಿ 32 ಅಂಗುಲ ಉದ್ದದ ಯೇತಿ ಹೆಜ್ಜೆ ಕಂಡಿತೆಂದು ಟ್ವೀಟ್ ಮಾಡಿತು. ಕರಡಿಯದೆಂದು ನೇಪಾಳದವರು ಹೇಳಿದರು. 2017ರಲ್ಲಿ ಷಾರ್ಲಟ್ ಲಿಂಡ್‌ಕ್ವಿಸ್ಟ್ ತಂಡ ಯೇತಿಯದೆನ್ನಲಾದ ಒಂಬತ್ತು ಮಾದರಿಗಳನ್ನು ಪರೀಕ್ಷಿಸಿದಾಗ ಎಂಟು ಕರಡಿಗಳದ್ದು, ಒಂದು ನಾಯಿಯದ್ದು. ಮೇಘಾಲಯದ ಗಾರೊ ಬೆಟ್ಟಗಳಲ್ಲಿ ಮಾಂಡೆ ಬುರುಂಗ್ ಎಂಬ ಕಾಡುಮನುಷ್ಯನ ಮಾತಿದೆ. ಅದರ ಕೂದಲೆಂದು 2008ರಲ್ಲಿ ಬ್ರಿಟನ್ನಿಗೆ ಹೋದದ್ದು ಗೋರಲ್ ಎಂಬ ಬೆಟ್ಟದ ಮೇಕೆಯ ಕೂದಲು.

ಸಿಯಾಟಲ್ ಕಡೆ ಇರುವ ನಾವು ಕಾಡಿನಲ್ಲಿ ದೊಡ್ಡ ಹೆಜ್ಜೆ ಕಂಡರೆ ಏನು ಮಾಡಬೇಕು?

ಮೊದಲು ಒಂದೇ ಹೆಜ್ಜೆಯ ಮುಂದೆ ನಿಂತುಬಿಡದೆ ಮುಂದಿನ, ಹಿಂದಿನ ಹೆಜ್ಜೆ ಹುಡುಕಿ. ಕರಡಿಯಾದರೆ ಸಾಲಿನಲ್ಲಿ ಎಲ್ಲಾದರೂ ಮುಂಗಾಲು ಬೇರೆಯಾಗಿ ಬಿದ್ದು ಗುಟ್ಟು ಬಿಟ್ಟುಕೊಟ್ಟಿರುತ್ತದೆ, ಉಗುರಿನ ಗೀರೂ ಸಿಗಬಹುದು. ಪಕ್ಕದಲ್ಲಿ ಅಳತೆಪಟ್ಟಿ ಅಥವಾ ನಾಣ್ಯ ಇಟ್ಟು ನೇರ ಮೇಲಿನಿಂದ ಫೋಟೊ ತೆಗೆಯಿರಿ. ಒಂದು ಬದಿಯಿಂದ ಟಾರ್ಚ್ ಬೆಳಕು ಬಿಟ್ಟರೆ ಆಳ ಎದ್ದು ಕಾಣುತ್ತದೆ. ಹೆಜ್ಜೆಯಿಂದ ಹೆಜ್ಜೆಗೆ ಎಷ್ಟು ಅಂತರವೆಂದು ಬರೆದುಕೊಳ್ಳಿ. ಮೂಲ ಫೋಟೊವನ್ನು ತಿದ್ದದೆ ಇಟ್ಟುಕೊಳ್ಳಿ. ಕೂದಲು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಚಿಮುಟದಿಂದ ಎತ್ತಿ ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಕಟ್ಟಿ ಹಾಳಾಗುತ್ತದೆ. ರಾಷ್ಟ್ರೀಯ ಉದ್ಯಾನದೊಳಗಾದರೆ ಅನುಮತಿಯಿಲ್ಲದೆ ಏನನ್ನೂ ಎತ್ತಿಕೊಂಡು ಬರುವಂತಿಲ್ಲ, ಅಲ್ಲಿಯ ರೇಂಜರ್‌ಗೆ ತಿಳಿಸಿ. ವಿಶ್ವವಿದ್ಯಾಲಯದ ವನ್ಯಜೀವಿ ಪ್ರಯೋಗಾಲಯಕ್ಕೆ ಕೊಡುವಾಗ ಬಿಗ್‌ಫುಟ್ ಎನ್ನದೆ, ಯಾವ ಪ್ರಾಣಿಯದೆಂದು ಗೊತ್ತಿಲ್ಲ ಎಂದಷ್ಟೇ ಹೇಳಿ; ಆಸಕ್ತಿಯಿಂದ ನೋಡುವ ಸಂಭವ ಹೆಚ್ಚು.

ಹೆಜ್ಜೆಯ ಒಡೆಯನೇ ಎದುರಾದರೆ, ಅದು ಕಪ್ಪು ಕರಡಿಯೆಂದೇ ಎಣಿಸಿ ನಡೆದುಕೊಳ್ಳಿ. ಓಡಬೇಡಿ, ಅದು ನಿಮಗಿಂತ ಬಹಳ ವೇಗವಾಗಿ ಓಡುತ್ತದೆ. ಮಕ್ಕಳನ್ನು ಎತ್ತಿಕೊಳ್ಳಿ, ಗಟ್ಟಿಯಾಗಿ ಆದರೆ ಶಾಂತವಾಗಿ ಮಾತನಾಡುತ್ತ, ಕೈ ಮೇಲೆತ್ತಿ ದೊಡ್ಡದಾಗಿ ಕಾಣುತ್ತ ಹಿಂದೆ ಸರಿಯಿರಿ. ಬುತ್ತಿಯ ಚಿತ್ರಾನ್ನವನ್ನು ಎಸೆದು ಅದರ ಗಮನ ತಿರುಗಿಸಲು ಹೋಗಬೇಡಿ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮುಂದಿನ ಚಾರಣಿಗರನ್ನು ಹುಡುಕಿಕೊಂಡು ಬರುತ್ತದೆ.